ಚಾಂದನಿ ಸೋತಳೇ, ಗೆದ್ದಳೇ?

ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಕೆಲವೆಡೆ ಈಗಲೂ ಇದೆ. ಹಿರಿಯರು ಗಟ್ಟಿಯಾಗಿ ಓದುತ್ತಾರೆ, ಮಗು ಅವರ ಬಾಯಿಯನ್ನೇ ನೋಡುತ್ತ ಹಿಂದೆಯೇ ಹೇಳುತ್ತದೆ. ಅಂದರೆ ಓದು ನಮ್ಮಲ್ಲಿ ಕಿವಿಯಿಂದಲೇ ಆರಂಭವಾಗುತ್ತಿತ್ತು. ಆದರೆ ಸಿಹಿ ಹಂಚಿದ ಮರುದಿನದಿಂದ ಓದೆಂದರೆ ಪಾಠ ಒಪ್ಪಿಸುವುದು, ತಪ್ಪಿದರೆ ಗದರಿಸಿಕೊಳ್ಳುವುದು ಎಂದಾಗಿಬಿಡುತ್ತದೆ. ಮಗುವಿನ ಖುಷಿಗೆಂದೇ ಒಂದು ಕಥೆಯನ್ನು ಓದಿ ಹೇಳುವ ಮನೆಗಳು ಎಷ್ಟಿವೆ?

ಓದಲು ಏನಿದೆ ಎಂದು ಕೇಳುವವರ ಮುಂದೆ ನಾವು ಎರಡು ಕೃತಿಗಳನ್ನಿಡುತ್ತೇವೆ: ಉರ್ದುವಿನ ‘ಅಬ್ಬು ಖಾನ್ ಕೀ ಬಕ್ರೀ’ ಮತ್ತು ಕನ್ನಡದ ‘ಗೋವಿನ ಹಾಡು’.

ಮೊದಲನೆಯದನ್ನು ಬರೆದವರು ಡಾ. ಝಾಕಿರ್ ಹುಸೇನ್. 1926ರಿಂದ 1948ರವರೆಗೆ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿದ್ದು, 1967ರಲ್ಲಿ ರಾಷ್ಟ್ರಪತಿಯಾದವರು. ಅಂಥವರು ಒಂದು ಆಡಿನ ಕಥೆ ಬರೆಯಲು ಕುಳಿತರು ಎಂಬುದನ್ನೇ ನಮ್ಮ ವಿದ್ವಾಂಸರು ಗಮನಿಸಬೇಕು. ಅಲ್ಮೋರಾದ ಅಬ್ಬು ಖಾನ್ ಸಾಕಿದ ಆಡುಗಳೆಲ್ಲ ಒಂದೊಂದಾಗಿ ಹಗ್ಗ ಹರಿದುಕೊಂಡು ಬೆಟ್ಟಕ್ಕೆ ಓಡಿ ತೋಳದ ಪಾಲಾಗುತ್ತವೆ. ಅವರು ಅತಿ ಪ್ರೀತಿಯಿಂದ ಸಾಕಿದ ಚಾಂದನಿಯೂ ಓಡುತ್ತಾಳೆ. ರಾತ್ರಿಯಿಡೀ ತೋಳದೊಂದಿಗೆ ಸೆಣಸಿ ಬೆಳಗಿನ ಅಝಾನ್ ಹೊತ್ತಿಗೆ ಕುಸಿಯುತ್ತಾಳೆ. ತೋಳ ಗೆದ್ದಿತು ಎನ್ನುತ್ತವೆ ಮರದ ಮೇಲಿನ ಹಕ್ಕಿಗಳು. ಒಂದು ಮುದಿ ಹಕ್ಕಿ ಮಾತ್ರ ಗೆದ್ದವಳು ಚಾಂದನಿ ಎನ್ನುತ್ತದೆ.

ಕಥೆಯ ಮೂಲ ಫ್ರೆಂಚ್ ಲೇಖಕ ಆಲ್ಫೋನ್ಸ್ ದೋದೆಯದು. ಅವನ ಸಂಕಲನ 1869ರಲ್ಲಿ ಬಂತು. ಅಲ್ಲಿ ಅದು ಸಂಬಳದ ಕೆಲಸ ಒಲ್ಲದ ಬಡ ಕವಿಗೆ ಬರೆದ ಎಚ್ಚರಿಕೆಯ ಪತ್ರ: ಸ್ವಾತಂತ್ರ್ಯ ಬೇಕೆಂದರೆ ತೋಳ ತಿನ್ನುತ್ತದೆ, ನೋಡು! ಝಾಕಿರ್ ಸಾಹೇಬರು ಮುದಿ ಹಕ್ಕಿಯ ಬಾಯಲ್ಲಿ ಆ ತೀರ್ಪನ್ನೇ ತಿರುಗಿಸಿದರು. ಇದು ಬರಿಯ ಅನುವಾದವಲ್ಲ, ವಾಗ್ವಾದ.

ಇಷ್ಟು ಚಿಕ್ಕ ಮಕ್ಕಳಿಗೆ ಸಾವಿನ ಕಥೆಯೇ ಎಂಬ ಆಕ್ಷೇಪ ಸಹಜ. ನಾವೂ ಒಮ್ಮೆ ಅಳುಕಿದ್ದೆವು. ನಾಲ್ಕು ವರ್ಷದ ಮಗುವಿಗೆ ಓದುತ್ತ, ಅಬ್ಬು ಖಾನ್ ಲಾಟೀನು ಹಿಡಿದು ಬಂದು ಚಾಂದನಿಯನ್ನು ಉಳಿಸಿದರು ಎಂದು ಮುಗಿಸಿದೆವು. ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ಬೇರೆ ಆಡುಗಳನ್ನು ಯಾಕೆ ಉಳಿಸಲಿಲ್ಲ?’ ಎಂದು ಕೇಳಿತು. ನಮ್ಮಲ್ಲಿ ಉತ್ತರವಿರಲಿಲ್ಲ. ಮಗುವಿನ ಭಯ ಕಳೆಯಲು ಹೋಗಿ ನಾವು ಅಬ್ಬು ಖಾನರನ್ನು ಕಲ್ಲೆದೆಯವರನ್ನಾಗಿ ಮಾಡಿದ್ದೆವು. ಮರುದಿನ ಇದ್ದಂತೆಯೇ ಓದಿದೆವು. ಮಗು ಅತ್ತಿತು, ಆಮೇಲೆ ಮುದಿ ಹಕ್ಕಿಯ ಮಾತನ್ನು ಇನ್ನೊಮ್ಮೆ ಓದಿಸಿತು.

‘ಗೋವಿನ ಹಾಡಿ’ನಲ್ಲಿ ಸಾಯುವುದು ಬಲಶಾಲಿ. ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಪುಣ್ಯಕೋಟಿಯ ಮುಂದೆ ಹುಲಿಯೇ ನಾಚಿ ಪ್ರಾಣ ಬಿಡುತ್ತದೆ. ಹಸು ಹಗ್ಗವಿಲ್ಲದೆಯೂ ಹಿಂತಿರುಗುತ್ತದೆ, ಆಡು ಹಗ್ಗ ಕಿತ್ತು ಓಡುತ್ತದೆ. ಮಾತಿಗೆ ನಿಲ್ಲುವುದು ಮತ್ತು ಹಗ್ಗಕ್ಕೆ ಒಗ್ಗದಿರುವುದು, ನಮ್ಮ ಮಕ್ಕಳಿಗೆ ಎರಡೂ ಬೇಕು.

ಗಟ್ಟಿಯಾಗಿ ಓದಿದಾಗ ಕೃತಿಗಳ ಗುಣದೋಷ ಕಿವಿಗೇ ತಿಳಿಯುತ್ತದೆ. ಝಾಕಿರ್ ಸಾಹೇಬರ ಗದ್ಯ ಮಕ್ಕಳನ್ನು ನೇರವಾಗಿ ಮಾತಿಗೆಳೆಯುತ್ತದೆ, ನಿಜ. ಆದರೆ ಬೆಟ್ಟದ ವರ್ಣನೆ ಬಂದಾಗ ಪುಟ್ಟ ಕೇಳುಗ ಆಕಳಿಸುತ್ತಾನೆ. ‘ಗೋವಿನ ಹಾಡಿ’ನ ಹಳೆಯ ಪದಗಳು ಮಗುವಿಗೆ ತಿಳಿಯದಿದ್ದರೂ ಲಯ ಎತ್ತಿಕೊಂಡು ಹೋಗುತ್ತದೆ, ತಾಯಿ ಕರುವಿನ ಸಂಭಾಷಣೆ ಬಂದಾಗ ಮಗು ತಾನೂ ದನಿಗೂಡಿಸುತ್ತದೆ. ಇದನ್ನು ಗದ್ಯಕ್ಕಿಳಿಸಿದ ಚಿತ್ರಪುಸ್ತಕಗಳಲ್ಲಿ ಹೆಚ್ಚಾಗಿ ಹಾಡು ಹೋಗಿ ಸುಳ್ಳು ಹೇಳಬಾರದೆಂಬ ನೀತಿಯಷ್ಟೇ ಉಳಿದಿರುತ್ತದೆ. ಅಂಥದ್ದನ್ನು ಓದುವ ಬದಲು ನೆನಪಿದ್ದಷ್ಟನ್ನು ಹಾಡುವುದು ಮೇಲು.

ನಮ್ಮ ಮಕ್ಕಳು ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ನರ್ಸರಿಯಲ್ಲಿ ಇಂಗ್ಲಿಷ್ ಕೇಳುತ್ತ ಬೆಳೆಯುತ್ತಾರೆ. ಮೂರರಲ್ಲಿ ಯಾವುದೂ ಗಟ್ಟಿಯಾಗದೇನೋ ಎಂದು ತಾಯಂದಿರು ಹೆದರುತ್ತಾರೆ. ಹೆದರಬೇಕಾದದ್ದು ಭಾಷೆ ಹೆಚ್ಚಾಯಿತೆಂದಲ್ಲ, ಯಾವ ಭಾಷೆಯಲ್ಲೂ ಕಥೆ ಕೇಳಿಸಲಿಲ್ಲವೆಂದು. ಚಾಂದನಿಯನ್ನು ಉರ್ದುವಿನಲ್ಲಿ ಓದಿ, ನಡುನಡುವೆ ದಖನಿಯಲ್ಲಿ ಬಿಡಿಸಿ ಹೇಳಿ. ಪುಣ್ಯಕೋಟಿಯನ್ನು ಕನ್ನಡದಲ್ಲೇ ಹಾಡಿ. ಕನ್ನಡ ಅಕ್ಷರ ಬಾರದ ನಾನಿಗೂ ಹಾಡು ಬಂದೀತು. ಇಶಾ ನಮಾಝಿನ ನಂತರ ಟಿ.ವಿ. ಆರಿಸಿದರೆ ಹತ್ತು ನಿಮಿಷ ಸಿಕ್ಕೇ ಸಿಗುತ್ತದೆ.