ಚಳಿ ಕೊರೆಯುವುದು ಯಾವಾಗ?

ಚಳಿಯ ತೀವ್ರತೆಯನ್ನು ಹೇಳಲು ಕನ್ನಡ ಬರವಣಿಗೆಯಲ್ಲಿ ಥಟ್ಟನೆ ಒದಗುವ ಮಾತು ‘ಕೊರೆಯುವ ಚಳಿ’. ಕೊರೆ ಎಂದರೆ ತೂತು ಮಾಡು, ಒಳಹೊಕ್ಕು ಕತ್ತರಿಸು ಎಂದರ್ಥ. ಕೊಳವೆಬಾವಿ ಕೊರೆಸುವಲ್ಲಿಯೂ, ಭತ್ತದ ಬೆಳೆಯನ್ನು ಕಾಡುವ ಕಾಂಡಕೊರಕ ಹುಳುವಿನ ಹೆಸರಿನಲ್ಲಿಯೂ ಇರುವುದು ಇದೇ ಧಾತು. ಆದರೆ ಆಡುಮಾತಿನಲ್ಲಿ ಕೊರೆಯುವುದು ಚಳಿಯೊಂದೇ ಅಲ್ಲ. ಡಿಸೆಂಬರಿನ ಬೆಳಗಿನಲ್ಲಿ ತೊಟ್ಟಿಯ ನೀರು ಕೊರೆಯುತ್ತದೆ, ಬರಿಗಾಲಿಗೆ ಕಲ್ಲುಹಾಸಿನ ನೆಲ ಕೊರೆಯುತ್ತದೆ. ಅದೇ ನೆಲದ ಮೇಲೆ ರಾತ್ರಿಯಿಡೀ ಹಾಸಿದ್ದ ಕಂಬಳಿ ಹೆಚ್ಚುಕಡಿಮೆ ಅಷ್ಟೇ ತಣ್ಣಗಿದ್ದರೂ ಅದು ಕೊರೆಯಿತೆಂದು ಯಾರೂ ಹೇಳುವುದಿಲ್ಲ.

ಈ ವಿವೇಚನೆ ಬಲು ಸೂಕ್ಷ್ಮವಾದದ್ದು, ಭೌತವಿಜ್ಞಾನವೂ ಒಪ್ಪುವಂಥದ್ದು. ಚರ್ಮಕ್ಕೆ ತಿಳಿಯುವುದು ಎದುರಿನ ವಸ್ತುವಿನ ಉಷ್ಣಾಂಶಕ್ಕಿಂತ ಹೆಚ್ಚಾಗಿ ಮೈಯ ಶಾಖ ಎಷ್ಟು ಬೇಗ ಹೊರಹೋಗುತ್ತಿದೆ ಎಂಬುದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಮರ್ಥವಾಗಿ ಶಾಖವನ್ನು ಸಾಗಿಸುತ್ತದೆ, ಕಲ್ಲು ಅದಕ್ಕಿಂತಲೂ ಹೆಚ್ಚು. ನಿಂತ ಗಾಳಿಯಲ್ಲಿ ಮೈಯ ಸುತ್ತ ಬೆಚ್ಚನೆಯ ತೆಳು ಪದರವೊಂದು ಉಳಿದುಕೊಳ್ಳುತ್ತದೆ, ಬೀಸುಗಾಳಿ ಆ ಪದರವನ್ನು ಕಿತ್ತೊಯ್ಯುತ್ತದೆ. ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅವರು ಸಣ್ಣ ಕೊಳವೆಯಲ್ಲಿಟ್ಟ ನೀರು ಬೇರೆ ಬೇರೆ ಗಾಳಿವೇಗದಲ್ಲಿ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆದು, 1945ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಲೆಕ್ಕಕ್ಕೆ ತಂದಿತು.

ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಶೀತಗಾಳಿ’ ಬೇರೆಯದೇ ಸಂಗತಿ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲುಸೀಮೆಯ ಕೇಂದ್ರವೊಂದರಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆಯಿದ್ದು, ವಾಡಿಕೆಗಿಂತ 4.5ರಿಂದ 6.4 ಡಿಗ್ರಿಯಷ್ಟು ಇಳಿದಿದ್ದರೆ ಅದು ಶೀತಗಾಳಿ, ಇಳಿಕೆ 6.4 ಡಿಗ್ರಿಯನ್ನೂ ಮೀರಿದರೆ ತೀವ್ರ ಶೀತಗಾಳಿ. ಹೆಸರಿನಲ್ಲಿ ಗಾಳಿಯಿದ್ದರೂ ಈ ಲೆಕ್ಕದಲ್ಲಿ ಗಾಳಿಯ ವೇಗಕ್ಕೆ ಸ್ಥಾನವಿಲ್ಲದ ಕಾರಣ, ‘ಶೀತ ಅಲೆ’ ಎಂಬ ಇನ್ನೊಂದು ರೂಪವೇ ಹೆಚ್ಚು ಸರಿ.

ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಾಂಶ 7.8 ಡಿಗ್ರಿಗೆ ಇಳಿದದ್ದು ಇಂದಿಗೂ ದಾಖಲೆ. ಇಂಥ ಅಂಕಿಗಳ ಪಕ್ಕದಲ್ಲಿ ‘ಕೊರೆಯುವ’ ಎಂಬ ವಿಶೇಷಣವನ್ನು ಯಾಂತ್ರಿಕವಾಗಿ ಸೇರಿಸುವುದು ಪದಕ್ಕೆ ಮಾಡುವ ಅನ್ಯಾಯ. ಬೀದರ್, ವಿಜಯಪುರಗಳ ಬಯಲಿನಲ್ಲಿ ಜನ ‘ಥಂಡಿ’ ಎಂದು ಕರೆಯುವ ಚಳಿ ಉಷ್ಣಮಾಪಕದಲ್ಲಿ ತಳ ಮುಟ್ಟುವುದು ಸಾಮಾನ್ಯವಾಗಿ ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳ ಕೊನೆಯಲ್ಲಿ. ಆಗ ನೆಲದ ಶಾಖ ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ, ಮೇಲಿನ ಬೆಚ್ಚನೆಯ ಗಾಳಿಯೂ ಕೆಳಗಿಳಿದು ಬೆರೆಯುವುದಿಲ್ಲ. ಅಂಥ ನಸುಕಿನಲ್ಲಿ ಹೊದ್ದು ಕುಳಿತವರನ್ನು ಚಳಿ ನಡುಗಿಸೀತೇ ಹೊರತು ಕೊರೆಯದು. ಅದೇ ಹೊತ್ತಿಗೆ ಬೈಕ್ ಏರಿ ಹೊರಟವರಿಗೆ ಅದು ಕೊರೆಯುವ ಚಳಿಯೇ.