ಷೇರಿನಿಂದ ಪ್ರಾಂಗಣದವರೆಗೆ: ಇನ್ಫೋಸಿಸ್‌ನ ಉದ್ಯೋಗ ಸಂಸ್ಕೃತಿ

ಪ್ರತಿಭಾವಂತರನ್ನು ಸೆಳೆದು ಉಳಿಸಿಕೊಳ್ಳುವ ಕಾರ್ಪೊರೇಟ್ ಸಂಸ್ಕೃತಿಯ ಮಾತು ಭಾರತದಲ್ಲಿ ಎಲ್ಲಿ ಬಂದರೂ ಇನ್ಫೋಸಿಸ್‌ನ ಹೆಸರು ಉದಾಹರಣೆಯಾಗಿ ಕೇಳಿಬರುತ್ತದೆ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಗಳ ತರುವಾಯ ಬೆಂಗಳೂರಿಗೆ ತಂದ ಈ ಸಂಸ್ಥೆಯನ್ನು ಹೊಗಳುವವರು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್ ಸಿಟಿಯ ಹುಲ್ಲುಹಾಸು, ಗಾಜಿನ ಪಿರಮಿಡ್, ಸಾಲು ಸಾಲು ಫುಡ್ ಕೋರ್ಟುಗಳನ್ನು ಮುಂದಿಡುತ್ತಾರೆ. ಆದರೆ ಇವೆಲ್ಲ ಆ ಸಂಸ್ಕೃತಿಯ ಹೊರಮೈ ಮಾತ್ರವಾಗಿದ್ದು, ಅದಕ್ಕೆ ಬಲ ಕೊಟ್ಟ ಒಪ್ಪಂದ ಬೇರೆಯೇ ಇತ್ತು, ಮತ್ತು ಆ ಒಪ್ಪಂದ ತೆಳುವಾದ ಮೇಲೂ ಹೊರಮೈ ಮಾತ್ರ ಬೆಳೆಯುತ್ತಲೇ ಹೋಯಿತು.

ಆ ಒಪ್ಪಂದದ ತಿರುಳು ಒಡೆತನದ ಹಂಚಿಕೆ. 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರ ಮುಂದೆ ಬಂದಾಗ ಹೂಡಿಕೆದಾರರಿಂದ ನೀರಸ ಪ್ರತಿಕ್ರಿಯೆ ಪಡೆದಿದ್ದ ಸಂಸ್ಥೆ, ಮರುವರ್ಷವೇ ನೌಕರರಿಗೆ ಇಸಾಪ್, ಅಂದರೆ ಮೊದಲೇ ನಿಗದಿಯಾದ ಬೆಲೆಗೆ ಮುಂದೊಂದು ದಿನ ಕಂಪನಿಯ ಷೇರನ್ನು ಕೊಳ್ಳುವ ಹಕ್ಕನ್ನು ಕೊಡುವ ಯೋಜನೆಯನ್ನು ಜಾರಿಗೆ ತಂದಿತು. ಈ ಹಕ್ಕು ಕೈಸೇರಬೇಕಾದರೆ ನೌಕರ ಕೆಲವು ವರ್ಷ ಸಂಸ್ಥೆಯಲ್ಲೇ ಉಳಿದಿರಬೇಕಾಗುತ್ತದೆ. ಆ ಅವಧಿಯಲ್ಲಿ ಷೇರಿನ ಬೆಲೆ ಏರಿದರೆ ಆ ಏರಿಕೆಯೆಲ್ಲ ಅವನ ಪಾಲಿಗೆ ಬರುತ್ತದೆ. ರೂಪಾಯಿಯ ಸಂಬಳದಲ್ಲಿ ಅಮೆರಿಕದ ಕೆಲಸಗಳೊಡನೆಯಾಗಲಿ, ಆಗಷ್ಟೇ ಬೆಂಗಳೂರಿಗೆ ಕಾಲಿಡುತ್ತಿದ್ದ ಬಹುರಾಷ್ಟ್ರೀಯ ಕಂಪನಿಗಳೊಡನೆಯಾಗಲಿ ಪೈಪೋಟಿ ಮಾಡಲಾಗದ, ಯಂತ್ರವೂ ಕಚ್ಚಾವಸ್ತುವೂ ಇಲ್ಲದೆ ಕೇವಲ ಜನರ ಬುದ್ಧಿಯನ್ನೇ ಆಸ್ತಿಯೆಂದು ನಂಬಿದ ಸಂಸ್ಥೆಗೆ ಇದಕ್ಕಿಂತ ಜಾಣತನದ ಉಪಾಯ ಇರಲಿಲ್ಲ. 1999ರ ಮಾರ್ಚ್‌ನಲ್ಲಿ ನಾಸ್ಡಾಕ್‌ನಲ್ಲಿ ನೋಂದಾಯಿತವಾದ ಹೊತ್ತಿಗೆ ಇನ್ಫೋಸಿಸ್‌ನ ನೌಕರರು ಷೇರಿನಿಂದ ಲಕ್ಷಾಧೀಶರಾದ ಕಥೆ ಬೆಂಗಳೂರಿನಲ್ಲಿ ಮನೆಮಾತಾಗಿತ್ತು. ಹಣದಷ್ಟೇ ಮುಖ್ಯವಾದದ್ದು ಅದರ ಹಿಂದಿದ್ದ ಇಂಗಿತ: ಸ್ಥಾಪಕರು ತಮ್ಮ ಮಕ್ಕಳನ್ನು ಸಂಸ್ಥೆಯೊಳಕ್ಕೆ ತರುವುದಿಲ್ಲವೆಂಬ ನಿಯಮ ಹಾಕಿಕೊಂಡಿದ್ದರಿಂದ, ಮನೆತನದ ಬೆಂಬಲವಿಲ್ಲದ ಮಧ್ಯಮವರ್ಗದ ಎಂಜಿನಿಯರಿಗೂ ಮೇಲಿನ ಕುರ್ಚಿಯ ದಾರಿ ತೆರೆದಿದೆಯೆಂಬ ಭರವಸೆ ಷೇರಿನ ಜೊತೆಗೇ ಸಿಗುತ್ತಿತ್ತು.

ಈ ವ್ಯವಸ್ಥೆಗೆ ತನ್ನದೇ ಮಿತಿ ಇದ್ದುದೂ ನಿಜ. ಡಾಟ್‌ಕಾಮ್ ಕುಸಿತದ ನಂತರ, ಬೆಲೆ ಶಿಖರದಲ್ಲಿದ್ದಾಗ ಹಕ್ಕು ಪಡೆದವರಿಗೆ ನಿಗದಿಯಾದ ಬೆಲೆಯೇ ಮಾರುಕಟ್ಟೆ ಬೆಲೆಗಿಂತ ಹೆಚ್ಚಾಗಿ, ಕಾಗದದ ಮೇಲಿನ ಸಂಪತ್ತು ಕಾಗದವಾಗಿಯೇ ಉಳಿಯಿತು. ಮುಂದೆ ನೌಕರರ ಸಂಖ್ಯೆ ಏರುತ್ತಿದ್ದ ವರ್ಷಗಳಲ್ಲೇ ಹೊಸ ಹಂಚಿಕೆಯೂ ನಿಂತುಹೋಯಿತು.

ಅದರ ಸ್ಥಾನಕ್ಕೆ ಬಂದದ್ದು ಮೈಸೂರು. ಹೆಬ್ಬಾಳದ 300ಕ್ಕೂ ಹೆಚ್ಚು ಎಕರೆಯ ತರಬೇತಿ ಪ್ರಾಂಗಣ, 2009ರಲ್ಲಿ ಉದ್ಘಾಟನೆಯಾದ, ಹಫೀಜ್ ಕಾಂಟ್ರಾಕ್ಟರ್ ವಿನ್ಯಾಸದ, ಗ್ರೀಕ್-ರೋಮನ್ ಕಂಬಸಾಲುಗಳ ಎರಡನೆಯ ಶಿಕ್ಷಣ ಕೇಂದ್ರ, ಗುಮ್ಮಟದೊಳಗಿನ ಚಿತ್ರಮಂದಿರ, ಈಜುಕೊಳ, ಒಂದೇ ಬಾರಿಗೆ ಸಾವಿರಾರು ಮಂದಿ ತಂಗುವ ಹಾಸ್ಟೆಲ್‌ಗಳು ಸೇರಿ, ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜಿನಿಂದ ಆಫರ್ ಲೆಟರ್ ಹಿಡಿದು ಬಂದ ಫ್ರೆಶರ್‌ಗೆ ಒಂದು ಬೆರಗಿನ ಲೋಕವೇ ಆಗಿದೆ. ಆದರೆ ಈ ಬೆರಗಿನ ಕೆಳಗೆ ಕಟ್ಟುನಿಟ್ಟಿನ ಶಾಲೆಯೊಂದಿದೆ: ಕೆಲವು ತಿಂಗಳುಗಳ ಪಾಠ, ಒಂದರ ಹಿಂದೊಂದು ಪರೀಕ್ಷೆ, ನಿಗದಿತ ಅವಕಾಶಗಳಲ್ಲಿ ತೇರ್ಗಡೆಯಾಗದವರಿಗೆ ಹೊರಬಾಗಿಲು. ಯಂತ್ರಶಾಸ್ತ್ರವನ್ನೋ ಸಿವಿಲ್ಲನ್ನೋ ಓದಿ ಬಂದವರನ್ನು ಪ್ರೋಗ್ರಾಂ ಬರೆಯುವವರನ್ನಾಗಿ ಮಾಡುವ ಕೆಲಸವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ನಿಸ್ಸಂಶಯವಾಗಿ ದೊಡ್ಡ ಸಾಧನೆ. ನಮ್ಮ ಕಾಲೇಜುಗಳು ಮಾಡದೆ ಬಿಟ್ಟ ಕೆಲಸವನ್ನು ಕಂಪನಿಯೊಂದು ಮಾಡಿತೆಂಬ ಮಾತೂ ಸುಳ್ಳಲ್ಲ. ಆದರೆ ಮೈಸೂರು ಬಗೆಹರಿಸಿದ್ದು ಸೆಳೆಯುವ ಸಮಸ್ಯೆಯನ್ನು, ಉಳಿಸಿಕೊಳ್ಳುವ ಸಮಸ್ಯೆಯನ್ನಲ್ಲ. ಅಲ್ಲಿ ಪಳಗಿದವನ ಬೆಲೆ ಮಾರುಕಟ್ಟೆಯಲ್ಲಿ ಏರುತ್ತದೆ. ಫ್ರೆಶರ್‌ಗಳ ಆರಂಭಿಕ ಸಂಬಳ ಮಾತ್ರ ಇಡೀ ಉದ್ಯಮದಲ್ಲಿ ಹತ್ತು ವರ್ಷಕ್ಕೂ ಮೀರಿ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದ್ದರಿಂದ, ಎರಡು ಮೂರು ವರ್ಷದ ಅನುಭವವಾದೊಡನೆ ಒಳ್ಳೆಯ ಹೈಕ್ ಕೊಡುವ ಇನ್ನೊಂದು ಕಂಪನಿಗೆ ಹೋಗುವುದೇ ಅವನಿಗೆ ವಿವೇಕವಾಗುತ್ತದೆ.

ಇದಕ್ಕೆ ವ್ಯವಹಾರದ ರಚನೆಯೂ ಕಾರಣ. ಕಡಿಮೆ ಸಂಬಳದ ಹೊಸಬರು ತಳದಲ್ಲಿ ಹೆಚ್ಚಾಗಿ, ಮೇಲೆ ಹೋದಂತೆ ಸ್ಥಾನಗಳು ಕಿರಿದಾಗುವ ಪಿರಮಿಡ್ ಮಾದರಿಯಲ್ಲಿ ಏಳೆಂಟು ವರ್ಷದ ಅನುಭವಿ ಇಕ್ಕಟ್ಟಿಗೆ ಸಿಲುಕುತ್ತಾನೆ. ತಂಡದಲ್ಲಿ ಇಂತಿಷ್ಟು ಮಂದಿ ಉತ್ತಮರು, ಇಂತಿಷ್ಟು ಮಂದಿ ಕಳಪೆ ಎಂದು ಮೊದಲೇ ಗೆರೆ ಎಳೆದು ಅಂಕ ಕೊಡುವ ಬೆಲ್ ಕರ್ವ್ ಪದ್ಧತಿಯನ್ನು ಸಂಸ್ಥೆ ಕೈಬಿಟ್ಟದ್ದು 2015ರಲ್ಲಿ. ಟೈ ಕಟ್ಟಿ ಬರಬೇಕೆಂಬ ಹಳೆಯ ಶಿಸ್ತು ಸಡಿಲಗೊಂಡು ವಾರವಿಡೀ ಸಾದಾ ಉಡುಪಿಗೆ ಅನುಮತಿ ಸಿಕ್ಕಿದ್ದೂ ಅದೇ ವರ್ಷ. ಮೊದಲನೆಯದು ನಿಜವಾದ ಸುಧಾರಣೆ. ಎರಡನೆಯದಕ್ಕೆ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಮಾತ್ರ ಸ್ವಲ್ಪ ಹೆಚ್ಚೇ ಆಯಿತು.

ಸಾಂಕ್ರಾಮಿಕದ ವರ್ಷಗಳಲ್ಲಿ ನೌಕರರೆಲ್ಲ ಮನೆಯಿಂದ ದುಡಿಯತೊಡಗಿದಾಗ ಪ್ರಾಂಗಣದ ಆಕರ್ಷಣೆಯನ್ನು ಸಮೀಕರಣದಿಂದ ತೆಗೆದು ನೋಡುವ ಅವಕಾಶ ತಾನಾಗಿ ಒದಗಿತು. 2022ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇನ್ಫೋಸಿಸ್‌ನ ಅಟ್ರಿಷನ್, ಅಂದರೆ ತಾವಾಗಿ ಕೆಲಸ ಬಿಟ್ಟುಹೋದವರ ಪ್ರಮಾಣ, ಶೇ 27.7ಕ್ಕೆ ಏರಿತ್ತು, ಅದೇ ಹೊತ್ತಿಗೆ ಟಿಸಿಎಸ್‌ನಲ್ಲಿ ಅದು ಶೇ 17.4 ಇತ್ತು. ಬೇಡಿಕೆಯ ಅಬ್ಬರ ಇಬ್ಬರಿಗೂ ಒಂದೇ ಆಗಿದ್ದರಿಂದ ಈ ಅಂತರವನ್ನು ಮಾರುಕಟ್ಟೆಯ ತಲೆಗೆ ಕಟ್ಟುವಂತಿಲ್ಲ. ಟಿಸಿಎಸ್ ನೌಕರರಿಗೆ ಷೇರು ಹಂಚುವ ಸಂಪ್ರದಾಯವನ್ನೇ ಬೆಳೆಸಲಿಲ್ಲವಲ್ಲ, ಹಾಗಾದರೆ ಒಡೆತನದ ವಾದಕ್ಕೆ ಅರ್ಥವೇನು ಎಂಬ ಆಕ್ಷೇಪ ಇಲ್ಲಿ ಸಹಜ. ಅದಕ್ಕೆ ಉತ್ತರವೆಂದರೆ, ಟಾಟಾ ಹೆಸರಿನ ಸಂಸ್ಥೆ ಸೇರಿದವರು ಮೊದಲಿನಿಂದಲೂ ನಿರೀಕ್ಷಿಸಿದ್ದು ನೌಕರಿಯ ಭದ್ರತೆಯನ್ನು, ಮತ್ತು ಆ ವರ್ಷಗಳಲ್ಲಿ ಅದು ಬಹುಮಟ್ಟಿಗೆ ಸಿಕ್ಕಿತು. ಇನ್ಫೋಸಿಸ್ ಹೇಳಿಕೊಂಡು ಬಂದದ್ದು ಪಾಲಿನ ಕಥೆಯನ್ನು, ಮತ್ತು ಹೊಸ ತಲೆಮಾರಿಗೆ ದಕ್ಕಿದ್ದು ಆ ಕಥೆ ಮಾತ್ರ. 2024ರ ಮಾರ್ಚ್ ಹೊತ್ತಿಗೆ ಇನ್ಫೋಸಿಸ್‌ನ ಅಟ್ರಿಷನ್ ಶೇ 12.6ಕ್ಕೆ ಇಳಿಯಿತಾದರೂ, ಹೊರಗೆ ಕೆಲಸಗಳೇ ಕಡಿಮೆಯಾಗಿದ್ದ ಕಾಲದಲ್ಲಿ ಬಂದ ಈ ಇಳಿಕೆಯನ್ನು ಸಂಸ್ಕೃತಿಯ ಗೆಲುವೆಂದು ಎಣಿಸುವುದು ಅವಸರವಾದೀತು.

ಮೇಲಿನ ಕುರ್ಚಿಯ ಭರವಸೆಗೂ ಪೆಟ್ಟು ಬಿದ್ದಿತ್ತು. 2013ರಲ್ಲಿ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ನಿವೃತ್ತಿಯಿಂದ ಮರಳಿದಾಗ ಮಗನನ್ನು ಸಹಾಯಕರಾಗಿ ಕರೆತಂದದ್ದು ಅಲ್ಪಕಾಲದ ವ್ಯವಸ್ಥೆಯಾಗಿದ್ದರೂ, ಮಕ್ಕಳನ್ನು ತರುವುದಿಲ್ಲವೆಂಬ ನಿಯಮದ ನೈತಿಕ ಬಲ ಅದರಿಂದ ಕುಂದಿತು. ಆ ವರ್ಷದಲ್ಲಿ ಅಶೋಕ್ ವೇಮುರಿ, ವಿ. ಬಾಲಕೃಷ್ಣನ್ ಅವರಂತಹ ಹಿರಿಯರು ಒಬ್ಬರ ಹಿಂದೊಬ್ಬರಂತೆ ಹೊರನಡೆದರು.

ಷೇರಿನ ಹಂಚಿಕೆ ಮತ್ತೆ ಶುರುವಾಗಿದೆ. 2019ರಲ್ಲಿ ಷೇರುದಾರರು ಒಪ್ಪಿದ ಯೋಜನೆಯಲ್ಲಿ 5 ಕೋಟಿ ಷೇರುಗಳನ್ನು, ಅಂದರೆ ಸಂಸ್ಥೆಯ ಒಟ್ಟು ಷೇರುಗಳಲ್ಲಿ ಸುಮಾರು ಶೇ 1ರಷ್ಟನ್ನು, ಸಾಧನೆಯ ಮಾನದಂಡಗಳಿಗೆ ಕಟ್ಟಿ ನೌಕರರಿಗೆಂದು ತೆಗೆದಿಡಲಾಯಿತು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ದುಡಿಯುವಲ್ಲಿ ಈ ಗಾತ್ರದ ಪಾಲು ಹಿರಿಯ ಅಧಿಕಾರಿಗಳನ್ನೂ ಆಯ್ದ ಕೆಲವರನ್ನೂ ಕಟ್ಟಿಹಾಕಬಲ್ಲದೇ ಹೊರತು, 1994ರ ಯೋಜನೆ ಒಂದು ಸಣ್ಣ ಕಂಪನಿಯೊಳಗೆ ಮೂಡಿಸಿದ ಪಾಲುದಾರಿಕೆಯ ಭಾವನೆಯನ್ನು ಮೂರನೆಯ ವರ್ಷಕ್ಕೇ ನೋಟಿಸ್ ಪೀರಿಯಡ್ ಲೆಕ್ಕ ಹಾಕುವ ಎಂಜಿನಿಯರಿನಲ್ಲಿ ಮೂಡಿಸಲಾರದು.