ಅಸಲು ಜಾವಾ, ಸವಾರನ ಜಾವಾ

1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿದ ತರುವಾಯವೂ ಅದರ ಬೈಕುಗಳ ಮೇಲಣ ಜನರ ಮಮತೆ ಕುಂದದೆ ಉಳಿದಿರುವುದು ಸಂತೋಷದ ಸಂಗತಿ. ಆದರೆ ಆ ಮಮತೆಯೊಡನೆಯೇ ಬೆಳೆದುಬಂದಿರುವ ನಿಷ್ಠುರ ಮತವೊಂದನ್ನು, ಅಂದರೆ ಒಂದು ತಿರುಪು ಬದಲಾದರೂ ಗಾಡಿ ಕೆಟ್ಟಿತೆಂಬ ಒರಿಜಿನಲ್‌ವಾದಿಗಳ ಮತವನ್ನು, ಪರೀಕ್ಷಿಸದೆ ಒಪ್ಪುವುದು ನನ್ನಿಂದಾಗದು.

ಮೈಸೂರಿನ ಹಿರಿಯರೊಬ್ಬರು ನಿತ್ಯವೂ ಓಡಿಸುವ ಹಳೆಯ ಜಾವಾ 250 ಗಾಡಿಯನ್ನು ನಾನು ನಿಧಾನವಾಗಿ ನೋಡಿದೆನು. ಕಾಲು ನೆಲಕ್ಕೆ ನಿಲುಕಲೆಂದು ಸೀಟಿನ ಸ್ಪಂಜನ್ನು ಕೊಯ್ದು ತಗ್ಗಿಸಿದ್ದಾರೆ; ಭುಜದ ನೋವಿಗೆ ಅನುಗುಣವಾಗಿ ಹ್ಯಾಂಡಲ್ಲನ್ನು ಹಿಂದಕ್ಕೆ ತಂದಿದ್ದಾರೆ; ಮಂದವಾಗಿ ಬೆಳಗುತ್ತಿದ್ದ 6 ವೋಲ್ಟಿನ ದೀಪವನ್ನು ತೆಗೆದು 12 ವೋಲ್ಟಿನ ವ್ಯವಸ್ಥೆಯನ್ನು ಕೂಡಿಸಿದ್ದಾರೆ; ಮರೂನು ಬಣ್ಣವನ್ನು ಅಳಿಸಿ, ಸಾರಿಗೆ ಕಚೇರಿಯಲ್ಲಿ ನಮೂದು ಮಾಡಿಸಿ, ದಟ್ಟ ಹಸಿರನ್ನು ಬಳಿಸಿದ್ದಾರೆ. ಆದರೆ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಆಗಿಯೂ, ಮರಳಿ ಮಡಿಸಿದರೆ ಗೇರಾಗಿಯೂ ದುಡಿಯುವ ಆ ಎಡಗಡೆಯ ಏಕೈಕ ಸನ್ನೆಕೋಲನ್ನು ಅವರು ಮುಟ್ಟಿಲ್ಲ. ಜಾವಾದ ಪ್ರತಿಭೆಯಿರುವುದು ಅಲ್ಲಿ ಎಂಬುದನ್ನು ಅವರು ಬಲ್ಲರು. ಹಸಿರು ನನ್ನ ಕಣ್ಣಿಗೆ ಹಿಡಿಸಲಿಲ್ಲ; ಆದರೆ ಬೈಕಿನ ಮೇಲೆ ಕೂರತಕ್ಕವರು ಅವರೇ ಹೊರತು ನಾನಲ್ಲವಷ್ಟೆ.

ಝೆಕೊಸ್ಲೊವಾಕಿಯಾದ ವಿನ್ಯಾಸವನ್ನು ಪಡೆದು, ಅದನ್ನೇ ನಮ್ಮ ನೆಲಕ್ಕೆ ಒಗ್ಗಿಸುತ್ತ, 1973ರಿಂದ ಯೆಜ್ಡಿಯೆಂಬ ಹೆಸರಿನಲ್ಲಿ ಮಾರಿದ ಕಾರ್ಖಾನೆಯ ಕೃತಿಯಲ್ಲಿಯೇ ಮಾರ್ಪಾಟು ಅಡಗಿದೆಯೆಂಬುದನ್ನು ಒರಿಜಿನಲ್‌ವಾದಿಗಳು ಮರೆಯುತ್ತಾರೆ. ಪ್ರದರ್ಶನಕ್ಕಿಡುವ ಗಾಡಿಗೆ ಅವರ ನಿಯಮ ಯೋಗ್ಯವಾದುದು. ದಿನವೂ ಪೇಟೆಗೆ ಹೋಗಿಬರುವ ಗಾಡಿಗೆ ಸವಾರನ ದೇಹವೇ ಪ್ರಮಾಣ.

ಈ ಸ್ವಾತಂತ್ರ್ಯ ಸವಾರನ ಮೈಗೆ ಸಂಬಂಧಿಸಿದ್ದು, ನೆರೆಯವರ ಕಿವಿಗಲ್ಲ. ಸೈಲೆನ್ಸರಿನೊಳಗಣ ಬ್ಯಾಫಲನ್ನು ಕಳಚಿ ಬೀದಿಯುದ್ದಕ್ಕೂ ಸದ್ದೆಬ್ಬಿಸುವುದನ್ನು ಸ್ವಂತ ಅಭಿರುಚಿಯೆನ್ನಲಾಗದು. ಎರಡು ಸ್ಟ್ರೋಕಿನ ಎಂಜಿನ್ನಿಗೆ ನಿಷ್ಕಾಸದ ಹದ ತಪ್ಪಿದರೆ ಕೆಳವೇಗದ ಎಳೆತವೂ ಕುಗ್ಗುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದವುಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಈ ಮೇರೆಯೊಳಗೆ ಸೀಟು, ಹ್ಯಾಂಡಲ್ಲುಗಳನ್ನು ನಿಮ್ಮ ಮೈಗೆ ಒಗ್ಗಿಸಿಕೊಳ್ಳುವಾಗ ಯಾರ ಹುಬ್ಬುಗಂಟಿಗೂ ಅಂಜಬೇಡಿ. ಬ್ಯಾಫಲ್ ಕಳಚಿಟ್ಟಿದ್ದರೆ ಮಾತ್ರ ಅದನ್ನು ಇಂದೇ ಮರಳಿ ಕೂಡಿಸಿ.